ತಿಂಗಳಲ್ಲಿ ಹತ್ತು ದಿನ ನಾನು ನಾನಾಗಿರುವುದಿಲ್ಲ

ಮುಟ್ಟಿನ ಹಿಂದಿನ ದಿನಗಳ ಕಿರಿಕಿರಿ, ಅಳು, ಮೈಭಾರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ, ಇಬ್ಬರು ಮಕ್ಕಳು. ಮುಟ್ಟಾಗುವುದಕ್ಕೆ ಎಂಟು ಹತ್ತು ದಿನ ಇರುವಾಗಲೇ ಮೈ ಭಾರವಾಗುತ್ತದೆ, ಎದೆ ಬಿಗಿಯುತ್ತದೆ, ಬೆರಳಿನ ಉಂಗುರ ಸೋಪು ಹಚ್ಚಿದರೂ ಕಳಚಲು ಬರುವುದಿಲ್ಲ. ಅದನ್ನೆಲ್ಲ ಸಹಿಸಬಹುದು, ಸಿಡುಕನ್ನು ಮಾತ್ರ ತಡೆಯಲಾಗುತ್ತಿಲ್ಲ. ಕಳೆದ ತಿಂಗಳು ಚಾರ್ಜರ್ ಇಟ್ಟ ಜಾಗದಲ್ಲಿ ಇರಲಿಲ್ಲ ಎಂಬಷ್ಟಕ್ಕೇ ಮಗನ ಮೇಲೆ ಕೈ ಎತ್ತಿದೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಮುಟ್ಟಾದ ಎರಡನೇ ದಿನಕ್ಕೆ ಇದೆಲ್ಲ ತಾನಾಗಿಯೇ ಹೊರಟುಹೋಗುತ್ತದೆ. ಹಾರ್ಮೋನು ಪರೀಕ್ಷೆ ಮಾಡಿಸಿದೆ, ಎಲ್ಲವೂ ನಾರ್ಮಲ್ ಎಂದು ಬಂತು. ಮನೆಯಲ್ಲಿ ‘ಎಲ್ಲ ಹೆಂಗಸರಿಗೂ ಇರುವುದೇ’ ಎನ್ನುತ್ತಾರೆ. ಹಾಗಾದರೆ ನನ್ನ ಸ್ವಭಾವವೇ ಹೀಗೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ವಾಕ್ಯವನ್ನು ನೀವು ಬಹುಶಃ ಹೆಚ್ಚು ಯೋಚಿಸದೆ ಬರೆದಿದ್ದೀರಿ, ಮುಟ್ಟಾದ ಎರಡನೇ ದಿನಕ್ಕೆ ಎಲ್ಲವೂ ತಾನಾಗಿಯೇ ಹೊರಟುಹೋಗುತ್ತದೆ ಎಂಬುದು ಆ ವಾಕ್ಯ. ಸ್ವಭಾವವಾಗಿದ್ದರೆ ಅದು ತಿಂಗಳ ಎಲ್ಲ ದಿನವೂ ಇರಬೇಕಿತ್ತು. ಅಂಡೋತ್ಪತ್ತಿಯ ನಂತರದ ದಿನಗಳಲ್ಲಿ ಕಾಣಿಸಿಕೊಂಡು, ಸ್ರಾವ ಶುರುವಾದ ಮೂರು ನಾಲ್ಕು ದಿನಗಳೊಳಗೆ ಇಳಿದು, ಮುಂದಿನ ಅಂಡೋತ್ಪತ್ತಿಯವರೆಗೆ ಸುಳಿವನ್ನೇ ತೋರದ ತೊಂದರೆಯನ್ನು ವೈದ್ಯರು ಪಿಎಂಎಸ್, ಅಂದರೆ ಮುಟ್ಟಿನ ಪೂರ್ವದ ಲಕ್ಷಣಕೂಟ ಎಂದು ಕರೆಯುತ್ತಾರೆ. 1931ರಲ್ಲಿ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು ಇದನ್ನು ಮುಟ್ಟಿನ ಪೂರ್ವದ ‘ಒತ್ತಡ’ ಎಂದು ವಿವರಿಸಿದ್ದರು. ಈಗ ಬಳಕೆಯಲ್ಲಿರುವ ಹೆಸರನ್ನು 1953ರಲ್ಲಿ ರೇಮಂಡ್ ಗ್ರೀನ್ ಮತ್ತು ಕ್ಯಾಥರಿನಾ ಡಾಲ್ಟನ್ ಬಳಕೆಗೆ ತಂದರು. ಅಂದರೆ ಇದು ಇತ್ತೀಚಿನವರು ಕಂಡುಕೊಂಡ ನೆಪವೇನೂ ಅಲ್ಲ.

ಪರೀಕ್ಷೆಯ ವರದಿ ನಾರ್ಮಲ್ ಬಂದದ್ದರಿಂದ ನೀವು ಗೊಂದಲಗೊಂಡಿದ್ದೀರಿ. ಆದರೆ ಪಿಎಂಎಸ್ ಇರುವ ಹೆಚ್ಚಿನವರ ವರದಿ ಬರುವುದೇ ಹಾಗೆ, ಮತ್ತು ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಎಂಬುದೇ ಇಲ್ಲ. ತೊಂದರೆ ಇರುವವರಲ್ಲೂ ಇಲ್ಲದವರಲ್ಲೂ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನುಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಏರಿಳಿಯುತ್ತವೆ. ಆ ಏರಿಳಿತಕ್ಕೆ ಮಿದುಳು ಸ್ಪಂದಿಸುವ ಬಗೆಯಲ್ಲಿ ವ್ಯತ್ಯಾಸವಿರುತ್ತದೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಂಡಾಶಯದ ಕೆಲಸವನ್ನು ಔಷಧದಿಂದ ತಾತ್ಕಾಲಿಕವಾಗಿ ನಿಲ್ಲಿಸಿದಾಗ ಪಿಎಂಎಸ್ ಇದ್ದ ಹಲವರ ಲಕ್ಷಣಗಳು ಇಳಿದವು. ಆಮೇಲೆ ಹೊರಗಿನಿಂದ ಮತ್ತೆ ಹಾರ್ಮೋನು ಕೊಟ್ಟಾಗ ಅವರಲ್ಲಿ ಸಿಡುಕು, ದುಃಖ ಮರಳಿದವು. ಅಷ್ಟೇ ಹಾರ್ಮೋನು ಪಡೆದ, ಪಿಎಂಎಸ್ ಇಲ್ಲದ ಮಹಿಳೆಯರಿಗೆ ಏನೂ ಆಗಲಿಲ್ಲ. ಪ್ರೊಜೆಸ್ಟೆರಾನ್ ದೇಹದಲ್ಲಿ ಒಡೆದಾಗ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಉಂಟಾಗುತ್ತದೆ. ಅದು ಸಾಮಾನ್ಯವಾಗಿ ಮಿದುಳನ್ನು ಶಾಂತಗೊಳಿಸಬೇಕು, ಆದರೆ ಕೆಲವರ ಮಿದುಳಿನಲ್ಲಿ ಅದರ ಏರಿಳಿತ ತಳಮಳವನ್ನೇ ತರುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾಗಿರುವ ವಿವರಣೆ. ಮನಸ್ಥಿತಿಯನ್ನು ಪ್ರಭಾವಿಸುವ ಸೆರಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೂ ಇದರಲ್ಲಿ ಪಾತ್ರವಿದೆ. ಹೀಗಾಗಿ ನಿಮ್ಮ ಸಿಡುಕು ‘ಬರಿಯ ಮನಸ್ಸಿನದು’ ಎನ್ನುವವರಿಗೂ, ‘ಹಾರ್ಮೋನು ಕೆಟ್ಟಿದೆ’ ಎಂದು ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವವರಿಗೂ ನನ್ನ ಸಹಮತವಿಲ್ಲ.

‘ಎಲ್ಲರಿಗೂ ಇರುವುದೇ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಟ್ಟಿಗೆ ಮೊದಲು ಸ್ವಲ್ಪ ಎದೆನೋವು, ಹೊಟ್ಟೆ ಉಬ್ಬರ, ಏನಾದರೂ ಸಿಹಿ ತಿನ್ನಬೇಕೆಂಬ ಚಪಲ ಹೆಚ್ಚಿನವರಿಗೆ ಆಗುತ್ತದೆ. ಆದರೆ ಅದರಿಂದ ಕೆಲಸ ಕೆಡತೊಡಗಿದರೆ, ಮಕ್ಕಳು ತಾಯಿಯ ಮುಖ ನೋಡಿ ಮಾತನಾಡಬೇಕೋ ಬೇಡವೋ ಎಂದು ಯೋಚಿಸುವಂತಾದರೆ, ಅದನ್ನು ‘ಇರುವುದೇ’ ಎಂದು ಬಿಟ್ಟುಬಿಡಬಾರದು.

ಔಷಧದ ಮಾತಿಗೆ ಮೊದಲು ನಿಮಗೆ ಒಂದು ಕೆಲಸ ಕೊಡುತ್ತೇನೆ. ಎರಡು ಋತುಚಕ್ರ ಮುಗಿಯುವವರೆಗೆ ಪ್ರತಿ ರಾತ್ರಿ ಮಲಗುವ ಮೊದಲು ಒಂದೇ ಸಾಲು ಬರೆಯಿರಿ. ಸ್ರಾವ ಶುರುವಾದ ದಿನವನ್ನು 1 ಎಂದು ಎಣಿಸಿ, ಅಲ್ಲಿಂದ ದಿನಕ್ಕೊಂದು ಸಂಖ್ಯೆ ಹಾಕಿ. ಸಿಡುಕು, ಅಳು ಅಥವಾ ಬೇಸರ, ಮೈಭಾರ, ನಿದ್ರೆ ಎಂಬ ನಾಲ್ಕೇ ವಿಷಯಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟರೆ ಸಾಕು. ಹತ್ತು ವಿಷಯ ಬರೆಯಲು ಹೊರಟವರು ಐದನೇ ದಿನಕ್ಕೆ ಕೈಬಿಡುವುದನ್ನು ನಾನು ಕಂಡಿದ್ದೇನೆ. ತಿಂಗಳ ಕೊನೆಗೆ ಕುಳಿತು ನೆನಪಿನಿಂದ ತುಂಬಿಸಬೇಡಿ. ಕೆಟ್ಟ ದಿನಗಳನ್ನು ಮುಟ್ಟಿನ ಲೆಕ್ಕಕ್ಕೆ, ಒಳ್ಳೆಯ ದಿನಗಳನ್ನು ಬೇರೆ ಲೆಕ್ಕಕ್ಕೆ ಹಾಕಿಬಿಡುವ ಅಭ್ಯಾಸ ನೆನಪಿಗಿದೆ. ನನ್ನ ಬಳಿ ಬಂದ ಒಬ್ಬರ ಪುಸ್ತಕದಲ್ಲಿ 6ರಿಂದ 15ನೇ ದಿನದವರೆಗೆ ಬರೀ ಸೊನ್ನೆಗಳಿದ್ದವು. 19ಕ್ಕೆ ಸಿಡುಕು ಒಂದು, ನಿದ್ರೆ ಪರವಾಗಿಲ್ಲ. 24ಕ್ಕೆ ಸಿಡುಕು ಮೂರು, ಅಳು ಮೂರು, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘ಅತ್ತೆ ಏನೂ ಅನ್ನಲಿಲ್ಲ, ಆದರೂ ಅತ್ತೆ’ ಎಂಬ ಟಿಪ್ಪಣಿ. ಓದಿ ಇಬ್ಬರೂ ನಕ್ಕೆವು, ಆದರೆ ರೋಗನಿರ್ಣಯಕ್ಕೆ ಅಗತ್ಯವಾದದ್ದು ಆ ಪುಟದಲ್ಲಿ ಇತ್ತು. ಸೊನ್ನೆಗಳೇ ಇಲ್ಲದ ಪುಸ್ತಕವಾಗಿದ್ದರೆ, ಅಂದರೆ ಬೇಸರ ತಿಂಗಳಿಡೀ ಇದ್ದು ಕೊನೆಯ ವಾರ ಹೆಚ್ಚುತ್ತಿದ್ದರೆ, ನಾನು ಖಿನ್ನತೆಯನ್ನೋ ಆತಂಕವನ್ನೋ ಥೈರಾಯ್ಡ್ ತೊಂದರೆಯನ್ನೋ ಹುಡುಕುತ್ತಿದ್ದೆ. ಮೈಗ್ರೇನ್, ಆಸ್ತಮಾದಂಥ ಕಾಯಿಲೆಗಳೂ ಕೆಲವರಲ್ಲಿ ಮುಟ್ಟಿನ ಹೊತ್ತಿಗೆ ಕೆರಳುತ್ತವೆ.

ಈ ಬರವಣಿಗೆಯಿಂದ ಇನ್ನೊಂದು ಉಪಯೋಗವೂ ಇದೆ. ಎರಡು ತಿಂಗಳ ನಂತರ ನಿಮ್ಮ ಕಷ್ಟದ ದಿನಗಳು ಎಷ್ಟನೆಯವು ಎಂದು ನಿಮಗೇ ಗೊತ್ತಾಗಿರುತ್ತದೆ. ಕಚೇರಿಯ ವರ್ಷಾಂತ್ಯದ ಲೆಕ್ಕವನ್ನೋ ಮನೆಯವರೊಡನೆ ಆಡಬೇಕಾದ ಕಠಿಣ ಮಾತನ್ನೋ ಸಾಧ್ಯವಾದರೆ ಮುಂದಿನ ವಾರಕ್ಕೆ ತಳ್ಳಬಹುದು. ಸಾಧ್ಯವಾದರೆ ಮಾತ್ರ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ತಿಂಗಳಲ್ಲಿ ಹತ್ತು ದಿನವನ್ನು ಕೆಲಸಕ್ಕೆ ಬಾರದವೆಂದು ಗುರುತುಹಾಕಿ ಭಯದಿಂದ ಕಾಯುತ್ತ ಕುಳಿತರೆ ಆ ಭಯವೇ ಇನ್ನೊಂದು ಲಕ್ಷಣವಾಗುತ್ತದೆ. ಮಗನಿಗೆ ಮಾತ್ರ ಒಳ್ಳೆಯ ದಿನವೊಂದರಲ್ಲಿ ನೇರವಾಗಿ ಹೇಳಿ: ಅಂದು ಕೈ ಎತ್ತಿದ್ದು ನನ್ನ ತಪ್ಪು, ಚಾರ್ಜರಿನದೂ ಅಲ್ಲ, ನಿನ್ನದೂ ಅಲ್ಲ. ಕಾರಣ ಗೊತ್ತಾದ ಮೇಲೂ ಆ ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮುಂದಿನ ಸಲ ಸಿಟ್ಟು ಏರುತ್ತಿದೆ ಅನಿಸಿದಾಗ ಮಾತು ಮುಗಿಸದೆಯೇ ಬೇರೆ ಕೋಣೆಗೆ ಹೋಗಿಬಿಡುವುದು ನಾಚಿಕೆಯ ವಿಷಯವಲ್ಲ.

ಮೈಗೆ ಸಂಬಂಧಿಸಿದ ತೊಂದರೆಗಳಿಗೆ ಉಪಾಯಗಳು ಸರಳ. ವಾರದ ಹೆಚ್ಚಿನ ದಿನ ಅರ್ಧ ಗಂಟೆ, ಉಸಿರು ಸ್ವಲ್ಪ ಏರುವಷ್ಟು ಬಿರುಸಾಗಿ ನಡೆಯಿರಿ. ಬರೀ ಆ ಹತ್ತು ದಿನ ನಡೆದರೆ ಸಾಲದು. ಉಪ್ಪು ಕಡಿಮೆ ಮಾಡಿದರೆ ಉಬ್ಬರ ಸ್ವಲ್ಪ ಇಳಿಯಬಹುದು. ಕಾಫಿ, ಚಹಾ ಮಧ್ಯಾಹ್ನದ ನಂತರ ಬೇಡ, ಏಕೆಂದರೆ ಈ ದಿನಗಳಲ್ಲಿ ಮೊದಲು ಕೆಡುವುದು ನಿದ್ರೆ, ನಿದ್ರೆ ಕೆಟ್ಟರೆ ಸಿಡುಕು ಇಮ್ಮಡಿ. ಮದ್ಯ ಸೇವಿಸುವವರು ಈ ದಿನಗಳಲ್ಲಾದರೂ ಅದನ್ನು ದೂರವಿಡಬೇಕು. ಎದೆ ಬಿಗಿತಕ್ಕೆ ಅಳತೆ ಸರಿಯಿರುವ ಒಳಉಡುಪನ್ನು ರಾತ್ರಿಯೂ ಧರಿಸಿ ನೋಡಿ. ತಕ್ಕಡಿಯಲ್ಲಿ ಒಂದೆರಡು ಕಿಲೋ ಹೆಚ್ಚು ಕಂಡರೆ ಗಾಬರಿಯಾಗಬೇಡಿ, ಅದು ನೀರು, ಸ್ರಾವದೊಂದಿಗೆ ಇಳಿಯುತ್ತದೆ. ಉಂಗುರವನ್ನು ಮಾತ್ರ 18ನೇ ದಿನಕ್ಕೇ ಕಳಚಿಟ್ಟುಬಿಡಿ.

ಪೂರಕಗಳ ಪೈಕಿ ಕ್ಯಾಲ್ಸಿಯಂಗೆ ಹೆಚ್ಚುಕಡಿಮೆ ನಂಬಬಹುದಾದ ಆಧಾರವಿದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಐನೂರು ಮಹಿಳೆಯರು ಭಾಗವಹಿಸಿದ್ದರು. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿದವರ ಲಕ್ಷಣಗಳು ಮೂರನೇ ಚಕ್ರದ ಹೊತ್ತಿಗೆ ಶೇಕಡಾ 48ರಷ್ಟು ಇಳಿದಿದ್ದವು; ಔಷಧವೇ ಇಲ್ಲದ ಹುಸಿಮಾತ್ರೆ ಸೇವಿಸಿದವರಲ್ಲೂ ಶೇಕಡಾ 30ರಷ್ಟು ಇಳಿದಿದ್ದವು. ಈ ಎರಡನೇ ಅಂಕಿಯನ್ನು ಮರೆಯಬೇಡಿ. ‘ಇದನ್ನು ತಿಂದೆ, ನನಗೆ ಗುಣವಾಯಿತು’ ಎಂದು ಯಾರಾದರೂ ಯಾವುದಾದರೂ ಪುಡಿಯನ್ನು ಹೊಗಳಿದಾಗ, ಆ ಗುಣದಲ್ಲಿ ದೊಡ್ಡ ಪಾಲು ಭರವಸೆಯದೇ ಆಗಿರಬಹುದು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮಾತ್ರೆ ಶುರುಮಾಡಬಾರದು. ವಿಟಮಿನ್ ಬಿ6 ಕೂಡ ಕೆಲವರಿಗೆ ನೆರವಾಗುತ್ತದೆ, ಆದರೆ ವಿಟಮಿನ್ ತಾನೇ ಎಂದು ದಿನಕ್ಕೆ 100 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ಸೇವಿಸಿದರೆ ನರಗಳಿಗೆ ಹಾನಿಯಾಗಿ ಕೈಕಾಲು ಜೋಮು ಹಿಡಿಯಬಹುದು.

ಇಷ್ಟರಿಂದ ಮೂರು ಚಕ್ರಗಳಲ್ಲಿ ಹಿಡಿತ ಸಿಗದಿದ್ದರೆ ಔಷಧಕ್ಕೆ ಹಿಂಜರಿಯಬೇಡಿ. ಮೊದಲ ಆಯ್ಕೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು; ಫ್ಲೂಕ್ಸೆಟಿನ್, ಸರ್ಟ್ರಾಲಿನ್ ಈ ಗುಂಪಿನವು. ‘ಇವು ಖಿನ್ನತೆಯ ಮಾತ್ರೆಗಳಲ್ಲವೇ, ನನಗೆ ಹುಚ್ಚೇ’ ಎಂದು ಚೀಟಿಯನ್ನು ಮಡಚಿಟ್ಟುಕೊಂಡು ಹೋದವರು ಬಹಳ. ಖಿನ್ನತೆಯಲ್ಲಿ ಈ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತದೆ, ಮುಟ್ಟಿನ ಪೂರ್ವದ ತೊಂದರೆಯಲ್ಲಿ ಕೆಲವೇ ದಿನಗಳಲ್ಲಿ ತೋರುತ್ತವೆ. ಆದ್ದರಿಂದಲೇ ಹಲವರಿಗೆ ತಿಂಗಳಿಡೀ ಸೇವಿಸದೆ, ಅಂಡೋತ್ಪತ್ತಿಯಿಂದ ಮುಟ್ಟಿನವರೆಗಿನ ಹದಿನಾಲ್ಕು ದಿನ ಮಾತ್ರ ಸೇವಿಸಿದರೂ ಸಾಕಾಗುತ್ತದೆ. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು ಬರಬಹುದು, ಲೈಂಗಿಕ ಆಸಕ್ತಿ ಕುಗ್ಗಬಹುದು. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ರೆಯೇ ಬೇಡವೆನಿಸುವಷ್ಟು ಅತಿ ಉತ್ಸಾಹದ ಅವಧಿಗಳು ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಬೈಪೋಲಾರ್ ಕಾಯಿಲೆಯಲ್ಲಿ ಈ ಮಾತ್ರೆಗಳು ಹಾಗೆಯೇ ಕೊಡುವಂಥವಲ್ಲ. ಗರ್ಭನಿರೋಧಕವೂ ಬೇಕಾಗಿರುವವರಿಗೆ ಡ್ರೋಸ್ಪಿರಿನೋನ್ ಎಂಬ ಕೃತಕ ಹಾರ್ಮೋನು ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆ ಇನ್ನೊಂದು ದಾರಿ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಅಧಿಕ ರಕ್ತದೊತ್ತಡ, ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್ ಇರುವವರಿಗೆ, 35 ದಾಟಿದ ಮೇಲೂ ಧೂಮಪಾನ ಮಾಡುವವರಿಗೆ ಆ ದಾರಿ ಇಲ್ಲ. ಮಾತ್ರೆ ಬೇಡವೆನ್ನುವವರಿಗೆ ಯೋಚನೆ ಮತ್ತು ವರ್ತನೆಯ ಜಾಡನ್ನು ತಿದ್ದುವ ಆಪ್ತಸಮಾಲೋಚನೆ, ಅಂದರೆ ಸಿಬಿಟಿ, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ತಾಳ್ಮೆ ಮಾತ್ರ ಬೇಕು.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಆ ದಿನಗಳಲ್ಲಿ ಬದುಕೇ ಬೇಡವೆನಿಸುತ್ತದೆಯೇ? ಮುಟ್ಟಾಗುವ ಮಹಿಳೆಯರಲ್ಲಿ ನೂರಕ್ಕೆ ಕೆಲವರಿಗೆ ಈ ತೊಂದರೆಯ ಪಿಎಂಡಿಡಿ ಎಂಬ ತೀವ್ರ ರೂಪ ಇರುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರ ಆವೃತ್ತಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅದರಲ್ಲಿ ಹತಾಶೆ, ಸಿಟ್ಟು ಎಷ್ಟು ಗಾಢವಾಗಿರುತ್ತವೆಂದರೆ ಕೆಲಸ, ಸಂಬಂಧ ಎರಡೂ ಮುರಿಯುತ್ತವೆ, ಸಾಯುವ ಯೋಚನೆಗಳೂ ಬರುತ್ತವೆ. ಅಂಥ ಯೋಚನೆ ಬಂದರೆ ಡೈರಿ ತುಂಬುವವರೆಗೂ ಕಾಯಬಾರದು, ಮುಟ್ಟಾದರೆ ಸರಿಹೋದೀತು ಎಂದೂ ಕಾಯಬಾರದು. ಅಂದೇ ನಂಬಿಕೆಯ ಒಬ್ಬರಿಗೆ ಹೇಳಿ, ಒಬ್ಬರೇ ಇರದೆ, ತುರ್ತು ಚಿಕಿತ್ಸೆಗೆ ಹೋಗಬೇಕು.

ಪ್ರಶ್ನೆ: ಹೆಂಡತಿಗೆ ತಿಂಗಳಿಗೊಮ್ಮೆ ವಾರಗಟ್ಟಲೆ ಸಿಟ್ಟು. ‘ಡೇಟು ಹತ್ತಿರ ಬಂತೇನೋ’ ಎಂದು ಕೇಳಿದರೆ ಇನ್ನೂ ಕೆರಳುತ್ತಾಳೆ. ಸುಮ್ಮನಿದ್ದರೆ ‘ನಿಮಗೇನೂ ಕಾಣಿಸುವುದಿಲ್ಲ’ ಎನ್ನುತ್ತಾಳೆ. ನಾನೇನು ಮಾಡಬೇಕು?

ಉತ್ತರ: ಮೊದಲು ಆ ಪ್ರಶ್ನೆಯನ್ನು ಕೇಳುವುದನ್ನು ನಿಲ್ಲಿಸಿ. ನಿಮ್ಮ ಲೆಕ್ಕ ಸರಿಯೇ ಇರಬಹುದು, ಆದರೆ ಜಗಳದ ನಡುವೆ ಅದನ್ನು ಆಡಿದಾಗ ‘ನೀನು ಹೇಳುತ್ತಿರುವುದಕ್ಕೆ ಬೆಲೆಯಿಲ್ಲ, ಅದು ಹಾರ್ಮೋನಿನ ಮಾತು’ ಎಂದೇ ಅವರಿಗೆ ಕೇಳಿಸುತ್ತದೆ. ಸಿಟ್ಟಿನ ತೀವ್ರತೆ ಈ ದಿನಗಳದ್ದಾಗಿರಬಹುದು, ಸಿಟ್ಟಿನ ಕಾರಣ ಮಾತ್ರ ಬಹಳಷ್ಟು ಸಲ ನಿಜವಾದದ್ದೇ ಆಗಿರುತ್ತದೆ. ತೊಳೆಯದೆ ಬಿಟ್ಟ ಪಾತ್ರೆ ಚಕ್ರದ 10ನೇ ದಿನದಲ್ಲೂ ಸಿಂಕಿನಲ್ಲೇ ಇತ್ತು, ಅಂದು ಅವರು ಸಹಿಸಿಕೊಂಡಿದ್ದರು. ಮುಟ್ಟಿನ ನಂತರದ ಯಾವುದಾದರೂ ಸಂಜೆ, ಇಬ್ಬರೂ ಸಮಾಧಾನದಲ್ಲಿರುವಾಗ, ‘ಆ ದಿನಗಳಲ್ಲಿ ನಾನು ಏನು ಮಾಡಿದರೆ ನಿನಗೆ ಹಗುರವಾಗುತ್ತದೆ’ ಎಂದು ಕೇಳಿ, ಹೇಳಿದ್ದನ್ನು ನೆನಪಿಟ್ಟುಕೊಂಡು ಹೇಳಿಸಿಕೊಳ್ಳದೆ ಮಾಡಿ. ಮಕ್ಕಳನ್ನು ಮಲಗಿಸುವುದೋ ಬೆಳಗಿನ ಅಡುಗೆಯೋ, ಯಾವುದಾದರೂ ಒಂದು ಕೆಲಸ ಪೂರ್ತಿಯಾಗಿ ನಿಮ್ಮದಾಗಲಿ. ‘ಸಹಾಯ ಮಾಡಲೇ’ ಎಂದು ಕೇಳುತ್ತ ನಿಂತರೆ ಯೋಚಿಸುವ ಕೆಲಸ ಅವರಿಗೇ ಉಳಿಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಮುಟ್ಟಿಗೆ ಮೊದಲು ಅಳುತ್ತಾಳೆ, ಮುಟ್ಟಾದ ಮೊದಲ ದಿನ ಹೊಟ್ಟೆನೋವಿನಿಂದ ಶಾಲೆಗೆ ಹೋಗುವುದಿಲ್ಲ. ಮಾತ್ರೆ ಅಭ್ಯಾಸವಾದೀತೆಂದು ಕೊಡುತ್ತಿಲ್ಲ.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಮುಟ್ಟಿಗೆ ಮೊದಲಿನ ಅಳು ಮೇಲೆ ಹೇಳಿದ ಜಾತಿಯದು; ಮೈನೆರೆದ ಮೊದಲ ವರ್ಷಗಳಲ್ಲಿ ಎಷ್ಟೋ ಚಕ್ರಗಳಲ್ಲಿ ಅಂಡೋತ್ಪತ್ತಿ ಆಗುವುದಿಲ್ಲ, ಅದು ಕ್ರಮಬದ್ಧವಾದಂತೆ ಇಂಥ ಲಕ್ಷಣಗಳು ಎದ್ದು ಕಾಣತೊಡಗುತ್ತವೆ. ಆಕೆಯೇ ಡೈರಿ ಬರೆಯಲಿ, ನೀವು ಅದನ್ನು ತೆರೆದು ಓದಬೇಡಿ. ಮೊದಲ ದಿನದ ನೋವಿಗೆ ಕಾರಣ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ, ಅದು ಗರ್ಭಕೋಶವನ್ನು ಹಿಂಡುತ್ತದೆ. ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲದಂಥ ಮಾತ್ರೆಗಳು ಆ ರಾಸಾಯನಿಕ ಉಂಟಾಗುವುದನ್ನೇ ತಡೆಯುವುದರಿಂದ, ನೋವು ತಾರಕಕ್ಕೇರಿದ ಮೇಲೆ ಕೊಡುವುದಕ್ಕಿಂತ ಶುರುವಾಗುತ್ತಿದ್ದಂತೆ, ಊಟದ ನಂತರ ಕೊಟ್ಟರೆ ಹೆಚ್ಚು ಫಲ. ತಿಂಗಳಿಗೆ ಒಂದೆರಡು ದಿನ ಸೇವಿಸುವ ಈ ಮಾತ್ರೆಗಳು ಚಟವಾಗುವುದಿಲ್ಲ. ಹೊಟ್ಟೆಯ ಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು. ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಯ ಮೇಲಿಟ್ಟುಕೊಂಡರೂ ಹಾಯೆನಿಸುತ್ತದೆ. ಮಾತ್ರೆ ಕೊಟ್ಟ ಮೇಲೂ ಮೂರು ತಿಂಗಳು ಶಾಲೆ ತಪ್ಪುತ್ತಲೇ ಇದ್ದರೆ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇದೆಯೇ ಎಂದು ನೋಡಬೇಕಾಗುತ್ತದೆ, ಕರೆತನ್ನಿ.

ಪ್ರಶ್ನೆ: ನನಗೆ 43. ಈ ತೊಂದರೆ ಎರಡು ವರ್ಷಗಳಿಂದ ವಿಪರೀತವಾಗಿದೆ, ಮುಟ್ಟೂ ಹಿಂದೆಮುಂದೆ ಆಗುತ್ತಿದೆ. ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೇ ತೆಗೆಸಿದರೆ ಎಲ್ಲ ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ. ಗರ್ಭಕೋಶ ತೆಗೆದರೆ ಸ್ರಾವ ನಿಲ್ಲುತ್ತದೆ, ಆದರೆ ಹಾರ್ಮೋನು ಏರಿಳಿಯುವುದು ಅಂಡಾಶಯದ ಕೆಲಸದಿಂದ. ಅಂಡಾಶಯಗಳನ್ನು ಉಳಿಸಿದರೆ ಚಕ್ರವೂ ಸಿಡುಕೂ ಹಾಗೇ ಮುಂದುವರಿಯುತ್ತವೆ. ಸ್ರಾವವಿಲ್ಲದ ಕಾರಣ ಯಾವ ದಿನ ಏನೆಂದು ಗುರುತಿಸಲೂ ಆಗುವುದಿಲ್ಲ. ಅಂಡಾಶಯಗಳನ್ನೂ ತೆಗೆದರೆ ತೊಂದರೆ ನಿಲ್ಲುತ್ತದೆ, ಅದರ ಬೆಲೆಯಾಗಿ ಮುಟ್ಟು ನಿಲ್ಲುವ ವಯಸ್ಸಿನ ಎಲ್ಲ ಕಷ್ಟಗಳೂ ಅವಧಿಗೆ ಮೊದಲೇ, ಒಮ್ಮೆಲೇ ಬರುತ್ತವೆ. ಮೂಳೆ ಸವೆಯುತ್ತದೆ, ಹೃದಯದ ಅಪಾಯವೂ ಏರುತ್ತದೆ. ಬೇರೆಲ್ಲ ಚಿಕಿತ್ಸೆ ಸೋತ, ಬಹಳ ತೀವ್ರವಾದ ಪಿಎಂಡಿಡಿ ಇರುವ ಬೆರಳೆಣಿಕೆಯ ರೋಗಿಗಳಿಗೆ ಮಾತ್ರ, ಅದೂ ಮೊದಲು ಚುಚ್ಚುಮದ್ದಿನಿಂದ ಅಂಡಾಶಯದ ಕೆಲಸವನ್ನು ಕೆಲವು ತಿಂಗಳು ನಿಲ್ಲಿಸಿ ಗುಣ ಕಾಣುತ್ತದೆಯೇ ಎಂದು ನೋಡಿದ ಮೇಲೆ, ಆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಹಂತ ಶುರುವಾಗಿರಬಹುದು. ಈ ಹಂತದಲ್ಲಿ ಹಾರ್ಮೋನು ಮೊದಲಿಗಿಂತ ಹುಚ್ಚಾಪಟ್ಟೆ ಏರಿಳಿಯುವುದರಿಂದ ಹಳೆಯ ತೊಂದರೆ ಬಲಗೊಳ್ಳುವುದು ಸಾಮಾನ್ಯ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸ್ರಾವ ಹೆಚ್ಚಾಗಿದ್ದರೆ, ಎರಡು ಮುಟ್ಟಿನ ನಡುವೆ ಕಲೆ ಕಾಣಿಸುತ್ತಿದ್ದರೆ ಸ್ಕ್ಯಾನ್ ಕೂಡ ಬೇಕು. ದಿನ ಹಿಂದೆಮುಂದೆ ಆಗುತ್ತಿರುವವರಿಗೆ ಡೈರಿಯಲ್ಲಿ ಮುಂದಿನ ಮುಟ್ಟಿನ ದಿನ ಊಹಿಸುವುದು ಕಷ್ಟ, ಆದ್ದರಿಂದ ಬರೆದಾದ ಮೇಲೆ ಹಿಂದಕ್ಕೆ ಎಣಿಸಿ: ಸ್ರಾವ ಶುರುವಾದ ದಿನದಿಂದ ಹದಿನಾಲ್ಕು ದಿನ ಹಿಂದೆ ಹೋದರೆ ಅಂಡೋತ್ಪತ್ತಿ ಸುಮಾರು ಅಲ್ಲಿರುತ್ತದೆ. ಮೂರು ತಿಂಗಳ ಹಾಳೆಗಳು ತುಂಬಿದ ಮೇಲೆ ಹಳೆಯ ವರದಿಗಳ ಜೊತೆ ಅವನ್ನೂ ತನ್ನಿ.